ಅಬ್ಬಿ, ಕೋಟೆ, ಕಡಲು

ಕೇಂದ್ರ ಸರ್ಕಾರದ ಗುಮಾಸ್ತರಾದ ನಮಗೆ ರಜೆಯೆಂದರೆ ಊರಿಗೆ ಹೋಗಿ ಬರುವುದು, ಎಲ್.ಟಿ.ಸಿ. ಸಿಕ್ಕರೂ ತೀರ್ಥಹಳ್ಳಿಗೇ ಟಿಕೆಟ್ಟು. ಪರಸ್ಥಳದಲ್ಲಿರುವವರಿಗೆ ಪಕ್ಕದ ಊರೇ ದೂರ, ದೂರದ ಊರೇ ಹತ್ತಿರ. ಕೊಚ್ಚಿಯಲ್ಲಿ ಹದಿನೈದು ವರ್ಷ ಕಳೆದ ಮೇಲೆ, ಊರಿನಿಂದ ಬಂದ ತಾಯಿಯವರ ನೆಪದಲ್ಲಿ ತಿರುವನಂತಪುರಕ್ಕೆ ಹೋಗಿ, ಅಲ್ಲಿಂದ ಕನ್ಯಾಕುಮಾರಿ ಕಡೆಗೆ ಹೊರಡುವ ಒಂದು ದಿನದ ಪ್ರವಾಸದ ಬಸ್ಸಿನಲ್ಲಿ ನಾಲ್ಕು ಸೀಟು ಹಿಡಿದೆವು.

ಗೈಡು ಮಾತಿನಮಲ್ಲ. ಆದರೆ ಆತನ ಮಲಯಾಳ ತಾಯಿಯವರಿಗೆ ತಿಳಿಯದು. ಕೊಚ್ಚಿಯಲ್ಲೇ ಹುಟ್ಟಿ ಎಂಟನೆಯ ತರಗತಿಯಲ್ಲಿ ಓದುವ ಮಗಳನ್ನು ದುಭಾಷಿಯಾಗಿ ಅಜ್ಜಿಯ ಪಕ್ಕ ಕೂರಿಸಿದೆವು. ಮಗಳು ಕನ್ನಡ ಬಲ್ಲಳು ನಿಜ. ಆದರೆ ಅದು ‘ಊಟಕ್ಕೆ ಬಾ’, ‘ಚಪ್ಪಲಿ ಎಲ್ಲಿ’ ಎಂಬಷ್ಟರ ಕನ್ನಡ. ನಮ್ಮಾಕೆಗೆ ಹಗಲಿರುಳೂ ಅದೇ ಚಿಂತೆ.

ಮೊದಲು ತಿರ್ಪರಪ್ಪು. ಕೋದೆಯಾರು ಹೊಳೆ ಅಗಲವಾದ ಹಾಸುಗಲ್ಲಿನ ಮೇಲೆ ಹರಿದು ಬಂದು ಸುಮಾರು 50 ಅಡಿ ಕೆಳಕ್ಕೆ ಬೀಳುತ್ತದೆ.

“ಅಜ್ಜೀ, ವೆಳ್ಳಚ್ಚಾಟ್ಟಂ!” ಎಂದಳು ಮಗಳು.

“ಅದೆಂಥದೇ ಮಾರಾಯ್ತಿ? ಇದಕ್ಕೆ ಅಬ್ಬಿ ಅಂತಾರೆ. ಆಗುಂಬೆ ಹತ್ತಿರ ಒನಕೆ ಅಬ್ಬಿ ಇಲ್ವಾ, ಹಾಗೆ.”

‘ಜಲಪಾತ’ ಎನ್ನಲು ಬಾಯಿ ತೆರೆದಿದ್ದ ನಾವು ಸುಮ್ಮನಾದೆವು. ಮಗಳು ‘ಅಬ್ಬಿ, ಅಬ್ಬಿ’ ಎನ್ನುತ್ತ ನೀರಿಗಿಳಿದಳು.

ಅಲ್ಲಿಂದ ಪದ್ಮನಾಭಪುರ. 1795ರವರೆಗೆ ತಿರುವಾಂಕೂರಿನ ರಾಜಧಾನಿಯಾಗಿದ್ದ ಇಲ್ಲಿನ ಮರದ ಅರಮನೆಯ ಕೆತ್ತನೆ ನೋಡಿದಷ್ಟೂ ಸಾಲದು. ಇದಿರುವ ನೆಲ ತಮಿಳುನಾಡಿನದು, ನೋಡಿಕೊಳ್ಳುವುದು ಕೇರಳದ ಪುರಾತತ್ತ್ವ ಇಲಾಖೆ. 1956ರ ನವೆಂಬರ್ 1ರಂದು ಕನ್ಯಾಕುಮಾರಿ ಜಿಲ್ಲೆ ಅತ್ತ ಹೋಯಿತು. ಅದೇ ದಿನ ಕಾಸರಗೋಡು ಕೇರಳಕ್ಕೆ ಸೇರಿದ್ದನ್ನು ಕನ್ನಡಿಗರಿಗೆ ನೆನಪಿಸಬೇಕಾಗಿಲ್ಲ. “ಮನೆ ಒಬ್ಬರದು, ಹಿತ್ತಲು ಇನ್ನೊಬ್ಬರದು ಅನ್ನು” ಎಂದರು ತಾಯಿಯವರು.

ಹತ್ತಿರದಲ್ಲೇ ಉದಯಗಿರಿ ಕೋಟೆ. ಡಚ್ಚರ ಕಡೆಯಿಂದ ಬಂದು 1741ರ ಕೊಳಚ್ಚಲ್ ಯುದ್ಧದಲ್ಲಿ ಸೆರೆಸಿಕ್ಕ ಡಿ ಲನೋಯ್ ಎಂಬಾತ, ಗೆದ್ದ ಮಾರ್ತಾಂಡವರ್ಮನ ಸೈನ್ಯವನ್ನೇ ಪಳಗಿಸಿ, 1777ರಲ್ಲಿ ಇಲ್ಲೇ ಮಣ್ಣಾದ. 1789ರಲ್ಲಿ ನಮ್ಮ ಟಿಪ್ಪುವಿನ ದಂಡನ್ನು ತಡೆದ ನೆಡುಂಕೋಟೆಯೂ ಆತನ ಯೋಜನೆಯೇ. ಮಾಡು ಬಿದ್ದ ಇಗರ್ಜಿಯೊಳಗೆ ಅವನ ಗೋರಿ. ಕಲ್ಲಿನ ಮೇಲೆ ಲ್ಯಾಟಿನ್ನಿನ ಜತೆ ತಮಿಳು. ಮಡದಿ, ಮಗ ಕೂಡ ಅಲ್ಲೇ.

“ಅಪ್ಪ, ಇವನೂ ನಮ್ಮ ಹಾಗೆ ಟ್ರಾನ್ಸ್‌ಫರ್ ಆಗಿ ಬಂದವನಾ?”

“ಹೌದಮ್ಮಾ, ವಾಪಸು ಟ್ರಾನ್ಸ್‌ಫರ್ ಸಿಗಲಿಲ್ಲ” ಎಂದೆವು.

ಎಲ್ಲರೂ ನಕ್ಕರು, ನಮ್ಮಾಕೆ ನಗಲಿಲ್ಲ. “ಅವನ ಮಗ ಮನೆಯಲ್ಲಿ ಯಾವ ಭಾಷೆ ಆಡುತ್ತಿದ್ದನೋ?” ಎಂದಷ್ಟೇ ಕೇಳಿದಳು. ಬಸ್ಸು ಹೊರಟರೂ ಆ ಮಾತು ಬಸ್ಸಿನಿಂದ ಇಳಿಯಲಿಲ್ಲ.

ಮುಟ್ಟಂನಲ್ಲಿ ಕಡಲು ಬಂಡೆಗಳಿಗೆ ಅಪ್ಪಳಿಸುವ ಸದ್ದಿಗೆ ಗೈಡಿನ ದನಿಯೂ ಅಡಗಿತು. ಈ ದಡದ ಮರಳಿನಲ್ಲಿ ಕೆಂಪು, ಕಪ್ಪು ಪಟ್ಟೆಗಳುಂಟು. ಕಡತಗಳ ನಡುವೆ ತುಕ್ಕು ಹಿಡಿದಿದ್ದ ನಮ್ಮ ಬಿ.ಎಸ್ಸಿ. ಆಗ ಎಚ್ಚೆತ್ತಿತು. ಕೆಂಪು ಗಾರ್ನೆಟ್, ಕಪ್ಪು ಇಲ್ಮೆನೈಟ್; ಹಗುರ ಮರಳನ್ನು ಅಲೆ ಎಳೆದೊಯ್ಯುತ್ತದೆ, ಭಾರವಾದದ್ದು ದಡದಲ್ಲೇ ಉಳಿಯುತ್ತದೆ ಎಂದು ವಿವರಿಸಿದೆವು. “ಕೇರುವ ಮೊರದ ಹಾಗೆ” ಎಂದು ತಾಯಿಯವರು ಒಂದೇ ಮಾತಿನಲ್ಲಿ ಪಾಠ ಮುಗಿಸಿದರು. ‘ಮೊರ’ ಎಂದರೇನೆಂದು ಮಗಳು ಕೇಳಿ ತಿಳಿದುಕೊಂಡಳು.

ಸಂಜೆ ಕನ್ಯಾಕುಮಾರಿ. 2000ದಲ್ಲಿ ಅನಾವರಣಗೊಂಡ ತಿರುವಳ್ಳುವರರ 133 ಅಡಿಯ ವಿಗ್ರಹ, ಕುರಳಿನ 133 ಅಧ್ಯಾಯಗಳಿಗೆ ಒಂದೊಂದು ಅಡಿ. “ಕನ್ನಡದಲ್ಲಿ ಇಂಥವರು ಯಾರಜ್ಜೀ?” ಎಂದಳು ಮಗಳು. 2009ರಲ್ಲಿ ಬೆಂಗಳೂರಿನಲ್ಲಿ ತಿರುವಳ್ಳುವರರೂ ಚೆನ್ನೈಯಲ್ಲಿ ಸರ್ವಜ್ಞನೂ ಕಲ್ಲುಪೀಠ ಏರಿದ್ದನ್ನು ನಾವು ಹೇಳಹೊರಟೆವು. ಅಷ್ಟರಲ್ಲಿ ತಾಯಿಯವರು ತ್ರಿಪದಿ ಶುರುಮಾಡಿದ್ದರು. ಹಿಂತಿರುಗುವ ದಾರಿಯುದ್ದಕ್ಕೂ ಅವರು ಹೇಳುವುದು, ಇವಳು ಒಪ್ಪಿಸುವುದು. ನಮ್ಮಾಕೆ ಕಿಟಕಿಯತ್ತ ತಿರುಗಿ ಕೇಳುತ್ತ ಕೂತಿದ್ದಳು.

ಮರುವಾರ ತಾಯಿಯವರು ಊರಿಗೆ ಮರಳಿದರು. ಈಗ ಪ್ರತಿ ಭಾನುವಾರ ಮಗಳು ಫೋನಿನಲ್ಲಿ ಒಂದು ತ್ರಿಪದಿ ಒಪ್ಪಿಸುತ್ತಾಳೆ, ಇದುವರೆಗೆ ಹನ್ನೊಂದಾಗಿವೆ. ಸಂಘದ ಬಂಧುಗಳು ಮಳೆಗಾಲ ಕಳೆದೊಡನೆ ಈ ಪ್ರವಾಸ ಮಾಡಬೇಕು. ಆಗ ಅಬ್ಬಿಯಲ್ಲಿ ನೀರು ಚೆನ್ನಾಗಿರುತ್ತದೆ. ಅಜ್ಜ-ಅಜ್ಜಿ ಇದ್ದವರು ಅವರಿಗೂ ಒಂದು ಸೀಟು ಹಿಡಿಯಿರಿ, ಮಕ್ಕಳ ಪಕ್ಕದಲ್ಲೇ.