ಊರಿನ ಹೆಸರಿನ ಬಾಲ | ಭಾಗ 4: ಇವಾನೊವೊ

ಮೊದಲ ಸ್ಲೈಡಲ್ಲಿರೋ ಮ್ಯಾಪ್ ನೋಡಿ. ಮಾಸ್ಕೋದಿಂದ ಈಶಾನ್ಯಕ್ಕೆ ಇವಾನೊವೊ ಅಂತ ಒಂದು ನಗರ. ಬಟ್ಟೆ ಗಿರಣಿಗಳಿಗೆ ಹೆಸರುವಾಸಿ. ನನಗೆ ಹುಚ್ಚು ಹಿಡಿಸಿದ್ದು ಮಾತ್ರ ಅದರ ಹೆಸರು. ಫೋನಲ್ಲಿ ನಾಲ್ಕು ತಿಂಗಳಿಂದ ರಷ್ಯನ್ ಕಲೀತಿದೀನಿ, ಕಾಸ್ಟಿಂಗ್ ಲೆಕ್ಕ ಬಿಟ್ಟು.

‘ಇವಾನ್’ಗೆ ‘ಒವ್’ ಸೇರಿದ್ರೆ ‘ಇವಾನನ’. ನಿಕಿತಾ ಥರ ‘ಆ’ಕಾರದಲ್ಲಿ ಮುಗಿಯೋ ಹೆಸರಿಗೆ ‘ಇನ್’ ಬರುತ್ತೆ: ನಿಕಿತಿನೊ. ಕೊನೇಲಿ ‘ಒ’ ಯಾಕೆ? ಹಳ್ಳಿಗೆ ಅವರು ‘ಸೆಲೊ’ ಅಂತಾರೆ, ಅದು ನಪುಂಸಕಲಿಂಗ, ಅದರ ಜೊತೆ ಬರೋ ಪದವೂ ಅದೇ ಲಿಂಗಕ್ಕೆ ಹೊಂದ್ಕೋಬೇಕು. ಆಮೇಲೆ ಸೆಲೊ ಬಿದ್ದುಹೋಯ್ತು, ‘ಇವಾನನದು’ ಅಷ್ಟೇ ಉಳೀತು. ನಾವು ಚಾಮರಾಜನಗರದ ‘ನಗರ’ ಬಿಟ್ಟು, “ಚಾಮರಾಜನದಕ್ಕೆ ಬಸ್ ಎಷ್ಟೊತ್ತಿಗೆ?” ಅಂತ ಕೇಳಿದ ಹಾಗೆ!

ಜಗಳ ಇರೋದು ವಿಭಕ್ತೀಲಿ. ‘ಇವಾನೊವೊದಲ್ಲಿ’ ಅನ್ನೋಕೆ ‘ವ್ ಇವಾನೊವೆ’ ಅನ್ನೋದೇ ಹಳೇ ನಿಯಮ. 1812ರ ಯುದ್ಧದ ಬಗ್ಗೆ ಲೆರ್ಮೊಂತೊವ್ ಬರೆದ ‘ಬೊರೊದಿನೊ’ ಪದ್ಯದಲ್ಲೂ ಊರಿನ ಹೆಸರಿಗೆ ವಿಭಕ್ತಿ ಹತ್ತಿದೆ. 20ನೇ ಶತಮಾನದಲ್ಲಿ ಸೇನೆಯವರು, ನಕಾಶೆ ಮಾಡೋರು ಹೆಸರನ್ನ ಬದಲಿಸದೆ ಬರೆಯೋಕೆ ಶುರು ಮಾಡಿದ್ರು. ಅವರದ್ದೂ ನ್ಯಾಯವೇ. ಪುಶ್ಕಿನ್ ಒಂದು ಊರು, ಪುಶ್ಕಿನೊ ಇನ್ನೊಂದು. ವಿಭಕ್ತಿ ಹಚ್ಚಿದ್ರೆ ಎರಡೂ ‘ವ್ ಪುಶ್ಕಿನೆ’. ಟ್ಯಾಲೀಲಿ ಎರಡು ಲೆಡ್ಜರಿಗೆ ಒಂದೇ ಹೆಸರಿಟ್ರೆ ಏನಾಗುತ್ತೆ ಅಂತ ನಮಗೆ ಗೊತ್ತಲ್ಲ.

ಆದ್ರೆ ಆ ಅಭ್ಯಾಸ ಮಾತಿಗೂ ಇಳೀತು. ಕ್ರಾತೊವೊ ಅನ್ನೋ ಊರಿನ ಹೆಸರನ್ನ ಜನ ಹಾಗೇ ಬದಲಿಸದೆ ಹೇಳಿದ್ರೆ ಕವಯಿತ್ರಿ ಅನ್ನಾ ಅಖ್ಮಾತೊವಾಗೆ ಸಿಟ್ಟು ಬರ್ತಿತ್ತಂತೆ. ಈಗ ಉಲ್ಟಾ. ವ್ಯಾಕರಣದ ಪುಸ್ತಕ ‘ವ್ ಇವಾನೊವೆ’ನೇ ಸರಿ ಅನ್ನುತ್ತೆ, ಎಷ್ಟೋ ರಷ್ಯನ್ನರ ಕಿವಿಗೆ ಅದೇ ತಪ್ಪು. ಸರಿಯಾಗಿ ಮಾತಾಡಿದವನೇ ಓದಿಲ್ಲದವನು ಅನ್ನಿಸ್ಕೋತಾನೆ.

ಇದು ನನಗೆ ನಾಟಿದ್ದಕ್ಕೆ ಕಾರಣ ಇದೆ. ಫಸ್ಟ್ ಸೆಮಲ್ಲಿ ನಾನು “ಧಾರವಾಡದಾಗ” ಅಂದಾಗೆಲ್ಲ ಹಿಂದಿನ ಬೆಂಚಿಂದ ನಗು. ಒಬ್ಬಳು ಅದನ್ನೇ ನನಗೆ ಅಡ್ಡಹೆಸರು ಮಾಡಿದ್ಲು. ದೀಪಾವಳಿ ಹೊತ್ತಿಗೆ ನನ್ನ ಬಾಯಲ್ಲಿ ಬರೀ “ಧಾರವಾಡದಲ್ಲಿ”. ಫೋನಲ್ಲಿ ಅವ್ವ, “ಯಾಕವಾ, ಬುಕ್ಕಿನ್ಯಾಗಿನ ಮಾತ ಆಡಾಕತ್ತಿ?” ಅಂದ್ಲು. ತಮಾಷೆಗೆ ಅಂದಿದ್ದಲ್ಲ, ದನಿ ಸಣ್ಣಗಿತ್ತು.

ಸೇನೆಗೆ ಗೊಂದಲ ತಪ್ಪಿಸೋ ಕಾರಣನಾದ್ರೂ ಇತ್ತು. ‘ದಾಗ’ ಅಂದ್ರೆ ಯಾರಿಗೆ ಯಾವ ಊರು ಅಂತ ಗೊತ್ತಾಗಲ್ಲ ಹೇಳಿ?

ನಿಮ್ಮನೇಲಿ ಊರಿನ ಹೆಸರಿಗೆ ಏನು ಹಚ್ತೀರಿ? ‘ಅಲ್ಲಿ’, ‘ಆಗ’, ‘ಲಿ’? ಕಮೆಂಟಲ್ಲಿ ಊರಿನ ಸಮೇತ ಬರೀರಿ. ನಂದು ಧಾರವಾಡದಾಗ.