ಗೋಡೆಯ ಕಪ್ಪು

ನಮ್ಮ ಅಬ್ಬಾ ಪೇಂಟಿಂಗ್ ಕೆಲಸ ಮಾಡುತ್ತಾರೆ. ಮೇಲೂರಿನಲ್ಲೂ ಸುತ್ತಲಿನ ಹಳ್ಳಿಗಳಲ್ಲೂ ಅವರು ಬಣ್ಣ ಹೊಡೆದ ಮನೆಗಳನ್ನು ನಾನು ಕಾಲೇಜ್ ಬಸ್ಸಿನಿಂದಲೇ ಗುರುತಿಸುತ್ತೇನೆ. ಭಾನುವಾರ ಏಣಿ ಹಿಡಿಯುವುದು, ಪುಟ್ಟಿ ಕಲಸುವುದು ನನ್ನ ಕೆಲಸ. ಲೆಕ್ಕ ಬರೆಯುವುದೂ ನಾನೇ, ಏಕೆಂದರೆ ನಾನು ಕಾಮರ್ಸ್.

ಕಳೆದ ವರ್ಷ ಯುಗಾದಿಗೆ ಮುಂಚೆ ಒಂದು ಮೋಲ್ಡ್ ಮನೆಗೆ ಬಣ್ಣ ಹೊಡೆದೆವು. ಆ ಮನೆಯವರಿಗೆ ಹಿಪ್ಪುನೇರಳೆ ತೋಟ, ಹುಳುಮನೆ ಇದೆ. ಗೂಡು ಮಾರಿದ ಮೇಲೆ ಕೊಡುತ್ತೇವೆ ಎಂದು 2,500 ರೂಪಾಯಿ ಬಾಕಿ ಉಳಿಸಿಕೊಂಡರು. ಮಳೆಗಾಲ ಮುಗಿದ ಮೇಲೆ ಕೇಳಲು ಹೋದಾಗ ಅವರು ದುಡ್ಡು ಕೊಡಲಿಲ್ಲ, ಗೋಡೆ ತೋರಿಸಿದರು. ನೀರಿನ ಟ್ಯಾಂಕಿನ ಕೆಳಗಿನಿಂದ ಸಜ್ಜಾದವರೆಗೆ ಮಸಿ ಸುರಿದ ಹಾಗೆ ಕಪ್ಪು ಪಟ್ಟೆಗಳು.

“ಏನ್ ಸಾಬ್ರೆ, ನೀರು ಬೆರೆಸಿ ಹೊಡೆದ್ರಾ? ಒಂದು ವರ್ಷಾನೂ ತಡೀಲಿಲ್ವಲ್ಲ!”

“ಬಣ್ಣ ಸರಿಯಾಗೇ ಹೊಡೆದಿದೀನಿ ಗೌಡ್ರೆ. ಇದು ಬೇರೆ” ಅಂದರು ಅಬ್ಬಾ. ಬೇರೆ ಏನು ಎಂದು ಹೇಳಲು ಅವರಿಗೆ ಕನ್ನಡದ ಮಾತು ಸಿಗಲಿಲ್ಲ. ಮನೆಯಲ್ಲಿ ನಾವು ಇದಕ್ಕೆ ‘ಕಾಯಿ’ ಅನ್ನುತ್ತೇವೆ. ಉರ್ದುವಿನಲ್ಲಿ ಪಾಚಿ ಎಂದರ್ಥ. ಗೋಡೆ ಮೇಲೆ ಕಾಯಿ ಬಂದಿದೆ ಎಂದರೆ ಗೌಡರು ಇನ್ನೂ ರೇಗುತ್ತಿದ್ದರು. ಮೂವತ್ತು ಜನ ಕೆಲಸಕ್ಕೆ ಕರೆಯುವುದೇ ಹೆಸರಿನ ಮೇಲೆ. ಅದು ಹೋದರೆ ನನ್ನ ಫೀಸೂ ಹೋಗುತ್ತದೆ.

ಹೊರಡುವ ಮುಂಚೆ ನಾನು ಬ್ಲೇಡಿನಿಂದ ಬಯಲು ಗೋಡೆಯ ಕಪ್ಪನ್ನೂ ಸಜ್ಜಾದ ಕೆಳಗಿನ ಹಸಿರನ್ನೂ ಕೆರೆದು ಎರಡು ಪೊಟ್ಟಣ ಕಟ್ಟಿಕೊಂಡೆ. ಮಾರನೆಯ ದಿನ ನಮ್ಮ ಬಯಾಲಜಿ ಮೇಡಂ, ಕಾಮರ್ಸ್ ಹುಡುಗನಿಗೆ ಇಲ್ಲೇನು ಕೆಲಸ ಎಂದು ಕೇಳದೆ, ಲ್ಯಾಬಿಗೆ ಸೇರಿಸಿದರು. ಕಪ್ಪು ಪುಡಿಗೆ ಒಂದು ತೊಟ್ಟು ನೀರು ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಅದು ಕಪ್ಪೇ ಅಲ್ಲ. ಕಂದು ಬಣ್ಣದ ಕೊಳವೆಗಳು, ಒಳಗೆ ನೀಲಿ ಹಸಿರು ಎಳೆಗಳು!

ಇವು ಸಯನೋಬ್ಯಾಕ್ಟೀರಿಯಾ. ಗಿಡಗಳ ಹಾಗೆ ಬಿಸಿಲಿನಿಂದ ಆಹಾರ ಮಾಡಿಕೊಳ್ಳುತ್ತವೆ. ಆದರೆ ಅದೇ ಬಿಸಿಲಿನ ನೇರಳಾತೀತ ಕಿರಣ ಇವುಗಳ ಡಿಎನ್‌ಎಯನ್ನು ಕೆಡಿಸುತ್ತದೆ. ಒದ್ದೆಯಾಗಿದ್ದಾಗ ಕೆಟ್ಟದ್ದನ್ನು ರಿಪೇರಿ ಮಾಡಿಕೊಳ್ಳಬಹುದು. ಗೋಡೆ ಒಣಗಿದಾಗ ಇವೂ ಒಣಗಿ ಸುಮ್ಮನಾಗುತ್ತವೆ, ರಿಪೇರಿಯೂ ನಿಲ್ಲುತ್ತದೆ. ನಮ್ಮ ಏಪ್ರಿಲ್ ಬಿಸಿಲಿಗೆ ತಿಂಗಳುಗಟ್ಟಲೆ ಹಾಗೇ ಬಿದ್ದಿರಬೇಕು. ಅದಕ್ಕಾಗಿ ಮೊದಲೇ ಹೊರಗವಚಕ್ಕೆ ಸೈಟೋನೆಮಿನ್ ಎಂಬ ಬಣ್ಣ ತುಂಬಿಕೊಂಡಿರುತ್ತವೆ. ಮಾಡಿಕೊಂಡ ಮೇಲೆ ಅದಕ್ಕೆ ಖರ್ಚಿಲ್ಲ. ಜೀವಿ ಒಣಗಿ ಮಲಗಿದ್ದರೂ ಕೊಡೆ ಬಿಚ್ಚಿಯೇ ಇರುತ್ತದೆ. ಒಂಟಿಯಾಗಿ ಹಳದಿ ಮಿಶ್ರಿತ ಕಂದು, ದಟ್ಟವಾದರೆ ಕಪ್ಪು. ನೆರಳಿನಲ್ಲಿ ಇದು ಹೆಚ್ಚು ಬೇಡ, ಆದ್ದರಿಂದ ಸಜ್ಜಾದ ಕೆಳಗೆ ಹಸಿರು.

ಈ ಬಣ್ಣವನ್ನು 19ನೇ ಶತಮಾನದಲ್ಲೇ ನೇಗೆಲಿ ಎಂಬ ಸ್ವಿಸ್ ಸಸ್ಯವಿಜ್ಞಾನಿ ಗಮನಿಸಿದ್ದ. ಅದು ಸನ್‌ಸ್ಕ್ರೀನ್ ಎಂದು ಪ್ರಯೋಗದಿಂದ ತೋರಿಸಿದ್ದು 1991ರಲ್ಲಿ, ಗಾರ್ಸಿಯಾ ಪಿಚೆಲ್ ಮತ್ತು ಕಾಸ್ಟೆನ್‌ಹೋಲ್ಜ್. ಒಡಿಶಾದ ಹಳೆಯ ದೇವಾಲಯಗಳ ಕಪ್ಪು ಕಲ್ಲಿನ ಮೇಲೂ ಇಂಥ ಜೀವಿಗಳನ್ನೇ ವಿಜ್ಞಾನಿಗಳು ಗುರುತಿಸಿದ್ದಾರೆ. ನಂದಿಬೆಟ್ಟದ ಬಂಡೆಗಳಲ್ಲಿ ಮಳೆನೀರು ಇಳಿದ ದಾರಿಯ ಕರಿ ಪಟ್ಟೆ ನೋಡಿದ್ದೀರಲ್ಲ, ಮುಂದಿನ ಸಲ ಹತ್ತಿರ ಹೋಗಿ ನೋಡಿ. ಇವುಗಳಲ್ಲಿ ಮೈಕೋಸ್ಪೊರಿನ್ ಎಂಬ ಬಣ್ಣವಿಲ್ಲದ ಇನ್ನೊಂದು ರಕ್ಷಣೆಯೂ ಇರುತ್ತದೆ. ಅದೇ ಜಾತಿಯ ವಸ್ತುವನ್ನು ಕೆಂಪು ಕಡಲಪಾಚಿಯಿಂದ ತೆಗೆದು ಕ್ರೀಮುಗಳಿಗೆ ಹಾಕುತ್ತಾರೆ. ನಮ್ಮ ಅಬ್ಬಾ ಮಾತ್ರ ತಲೆಗೆ ಒಂದು ಟವೆಲ್ ಸುತ್ತಿಕೊಂಡು ಇಡೀ ದಿನ ಏಣಿಯ ಮೇಲಿರುತ್ತಾರೆ.

ರಾತ್ರಿ ಊಟಕ್ಕೆ ಕೂತಾಗ ಇದನ್ನೆಲ್ಲ ಉರ್ದುವಿನಲ್ಲಿ ಹೇಳಿದೆ. ಅಬ್ಬಾ ಪೂರ್ತಿ ಕೇಳಿ, “ಬಿಸಿಲಲ್ಲಿ ಕಪ್ಪು, ನೆರಳಲ್ಲಿ ಹಸಿರು, ಅದು ನನಗೂ ಗೊತ್ತು. ನೀರು ಎಲ್ಲಿಂದ ಬರುತ್ತದೆ ಅಂತ ನಿಮ್ಮ ಮೇಡಂ ಹೇಳಿದರಾ?” ಎಂದರು. ನಾನು ಅದನ್ನು ಯೋಚಿಸಿಯೇ ಇರಲಿಲ್ಲ.

ಮುಂದಿನ ಭಾನುವಾರ ಗೌಡರನ್ನು ಮೇಲೆ ಕರೆದುಕೊಂಡು ಹೋದೆವು. ಟ್ಯಾಂಕಿನ ಓವರ್‌ಫ್ಲೋ ಪೈಪಿನ ಜಾಯಿಂಟ್ ಸೋರಿ ಪ್ಯಾರಾಪೆಟ್ ಮೇಲಿಂದ ಇಳಿಯುತ್ತಿತ್ತು. ಇದು ಜೀವ ಇರೋದು, ನೀರು ಸಿಕ್ಕ ಕಡೆ ಬೆಳೆಯುತ್ತೆ, ಬಿಸಿಲಿಗೆ ಕಪ್ಪಾಗುತ್ತೆ ಎಂದು ನಾನು ಕನ್ನಡದಲ್ಲಿ ಹೇಳಿದೆ. ಗೌಡರು ಪೈಪ್ ಮುಟ್ಟಿ ನೋಡಿದರು. “ಸರಿ, ಪೈಪು ನಾನು ಮಾಡಿಸ್ತೀನಿ. ಗೋಡೆ ಕೆರೆದು ಹೊಡೆದುಕೊಡಿ, ಬಾಕೀನೂ ಕೊಟ್ಟುಬಿಡ್ತೀನಿ” ಅಂದರು. ಅಬ್ಬಾ ಒಪ್ಪಿಕೊಂಡರು. ತಪ್ಪು ನಮ್ಮದಲ್ಲದ ಮೇಲೆ ಪುಕ್ಕಟೆ ಕೆಲಸ ಏಕೆ ಎಂದು ದಾರಿಯುದ್ದಕ್ಕೂ ಜಗಳವಾಡಿದೆ. ಈಗಲೂ ನನಗೆ ಅದು ಸರಿ ಕಾಣುವುದಿಲ್ಲ.

ಸೈಟೋನೆಮಿನ್ ಜೀವಿ ಸತ್ತ ಮೇಲೂ ಉಳಿಯುತ್ತದೆ. ಆದ್ದರಿಂದ ಮೇಲೆ ಬಣ್ಣ ಬಳಿದು ಮುಚ್ಚಿದರೆ ಆಗದು. ಬ್ಲೀಚಿಂಗ್ ಪೌಡರ್ ಹಾಕಿ, ತಂತಿ ಬ್ರಷ್‌ನಿಂದ ಕೆರೆದು, ಚೆನ್ನಾಗಿ ಒಣಗಲು ಬಿಡಬೇಕು. ಸದ್ಯ ಗೌಡರ ಹುಳು ನಾಲ್ಕನೇ ಜ್ವರ ಎದ್ದಿದೆ, ಪಕ್ಕದಲ್ಲಿ ಬ್ಲೀಚಿಂಗ್ ವಾಸನೆ ಬೇಡ ಅಂದಿದ್ದಾರೆ. ಗೂಡು ಬಿಡಿಸಿ ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಹೋದ ಮೇಲೆ ನಮ್ಮ ಕೆಲಸ. ಅಲ್ಲಿಯವರೆಗೆ ಆ 2,500ನ್ನು ‘ಬಾರದ ಸಾಲ’ಕ್ಕೆ ಹಾಕಬೇಡ ಎಂದು ಅಬ್ಬಾ ಹೇಳಿದ್ದಾರೆ. ನಾನು ಪೆನ್ಸಿಲ್‌ನಲ್ಲಿ ಬರೆದಿಟ್ಟಿದ್ದೇನೆ.