ಯಾವ ಬಸ್ಸಿಗೆ ಬಂದೆ?

ನಮ್ಮ ಕಾಲೇಜಿನ ಮೆಂಟರ್ ಪುಸ್ತಕ ಈ ವರ್ಷ ಹೊಸದಾಗಿ ಅಚ್ಚಾಗಿ ಬಂದಿದೆ. ನುಣುಪು ರಟ್ಟು, ಮೇಲೆ ಲಾಂಛನ, ಒಳಗೆ ಒಬ್ಬೊಬ್ಬ ವಿದ್ಯಾರ್ಥಿಗೆ ಒಂದೊಂದು ಹಾಳೆ. ರಕ್ತದ ಗುಂಪು, ಹವ್ಯಾಸ, ಜೀವನದ ಗುರಿ, ಎಲ್ಲಕ್ಕೂ ಜಾಗವಿದೆ. ‘ನೀಡಿದ ಸಲಹೆ’ಗೆ ಮಾತ್ರ ಒಂದಂಗುಲ. ಮಕ್ಕಳ ಕಷ್ಟಸುಖ ಬರೆದಿಡುವುದು ಚಟವಾಗಿಬಿಟ್ಟಿರುವ ನನ್ನಂಥವನಿಗೆ ಇದಕ್ಕಿಂತ ಅವಮಾನ ಬೇಡ.

ನನ್ನದು ಇನ್ನೂರು ಪುಟದ ಗೆರೆ ನೋಟ್‌ಬುಕ್ಕು. ಎಡಪುಟದಲ್ಲಿ ಹುಡುಗನೋ ಹುಡುಗಿಯೋ ಹೇಳಿದ್ದು, ಅವರ ಮಾತಿನಲ್ಲೇ. ಬಲಪುಟದಲ್ಲಿ ಆಗಬೇಕಾದ ಕೆಲಸ, ಯಾರು ಮಾಡಬೇಕು, ಯಾವ ತಾರೀಖಿನೊಳಗೆ. ಕೆಲಸ ಆದರೆ ಗೀಟು ಹಾಕುತ್ತೇನೆ, ಆಗದಿದ್ದರೆ ಹೊಸ ತಾರೀಖು. ಆ ಗೀಟು ಎಳೆಯುವ ಸುಖವೇ ಬೇರೆ. ಸಮಾಜಕಾರ್ಯದವರಿಗೆ ಇದೇನೂ ಹೊಸದಲ್ಲ. ಅಮೆರಿಕದ ಮೇರಿ ರಿಚ್ಮಂಡ್ 1917ರಲ್ಲೇ ‘ಸೋಷಿಯಲ್ ಡಯಾಗ್ನೋಸಿಸ್’ ಎಂಬ ದಪ್ಪ ಪುಸ್ತಕ ಬರೆದು, ಮೊದಲು ಸಾಕ್ಷ್ಯ ಕೂಡಿಸಿ, ಆಮೇಲೆ ತೀರ್ಮಾನಕ್ಕೆ ಬನ್ನಿ ಎಂದು ಕಲಿಸಿದರು. ನಾವು ಮೇಷ್ಟ್ರುಗಳು ತೀರ್ಮಾನ ಮೊದಲೇ ಕೊಟ್ಟುಬಿಡುತ್ತೇವೆ. ಸಾಕ್ಷ್ಯ ಕೇಳುವ ಹೊತ್ತಿಗೆ ಬೆಲ್ ಹೊಡೆದಿರುತ್ತದೆ.

“ಏನಮ್ಮ ನಿನ್ನ ಪ್ರಾಬ್ಲಂ?” ಎಂದು ಕೇಳಿ ನೋಡಿ. “ಏನಿಲ್ಲ ಸಾರ್” ಬಿಟ್ಟು ಬೇರೆ ಉತ್ತರ ಬಂದರೆ ಹೇಳಿ. ಅದಕ್ಕೇ ನಾನು ಬಸ್ಸಿನಿಂದ ಶುರು ಮಾಡುತ್ತೇನೆ. “ಯಾವ ಬಸ್ಸಿಗೆ ಬಂದೆ?” ಇದಕ್ಕೆ ನಾಚುವಂಥದ್ದು ಏನೂ ಇಲ್ಲ, ಎಲ್ಲರೂ ಉತ್ತರ ಕೊಡುತ್ತಾರೆ. ಊರು ಗೊತ್ತಾಗುತ್ತದೆ, ರೋಡಿಗೆ ಎಷ್ಟು ದೂರ ನಡೆದಳು ಎಂಬುದು ಗೊತ್ತಾಗುತ್ತದೆ, ಬೆಳಿಗ್ಗೆ ತಿಂಡಿ ಆಯಿತೋ ಇಲ್ಲವೋ ಅದೂ ಹೊರಬೀಳುತ್ತದೆ. “ಬೈಕಲ್ಲಿ ಬಂದೆ” ಎಂದರೆ ಬೈಕ್ ಯಾರದು, ಪೆಟ್ರೋಲ್ ಯಾರ ದುಡ್ಡು ಎಂದು ಮುಂದುವರಿಸಿದರೆ ರಾತ್ರಿ ಕೇಟರಿಂಗ್‌ನಲ್ಲಿ ಬಡಿಸಲು ಹೋಗುವ ವಿಷಯ ತಾನಾಗಿ ಬರುತ್ತದೆ.

ಒಬ್ಬಳು ಹುಡುಗಿಗೆ ಮೊದಲ ಅವರ್‌ನಲ್ಲೇ ಅಟೆಂಡೆನ್ಸ್ ಶಾರ್ಟೇಜ್. ಶೇ. 75 ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲವಲ್ಲ, ಹೆಸರು ನೋಟಿಸ್ ಬೋರ್ಡಿಗೆ ಹತ್ತಿತ್ತು. “ಬೇಗ ಏಳಮ್ಮ” ಎಂದು ನಮ್ಮವರು ಸಾಲಾಗಿ ಬುದ್ಧಿ ಹೇಳಿದ್ದರು. ಅವಳು ಏಳುವುದು ಐದಕ್ಕೆ! ಹಾಲು ಕರೆದು ಡೇರಿಗೆ ಹಾಕಿ ಎಂಟು ಗಂಟೆಗೆಲ್ಲ ಸ್ಟಾಪಿನಲ್ಲಿ ನಿಂತಿರುತ್ತಾಳೆ. ಬಸ್ಸು ಹಿಂದಿನ ಊರಲ್ಲೇ ತುಂಬಿ, ನಿಲ್ಲದೆ ಹೋಗುತ್ತದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಹೆಣ್ಣುಮಕ್ಕಳಿಗೆ ಟಿಕೆಟ್ ಉಚಿತವಾದದ್ದು ಬಹಳ ಒಳ್ಳೆಯದೇ ಆಯಿತು. ಅವಳ ಸ್ಟಾಪಿಗೆ ಮಾತ್ರ ಆ ಹೊತ್ತಿನಲ್ಲಿ ಇದ್ದದ್ದು ಆ ಒಂದೇ ಬಸ್ಸು. ಬಲಪುಟದಲ್ಲಿ ಬರೆದೆ: ಡಿಪೋ ಮ್ಯಾನೇಜರ್‌ಗೆ ಅರ್ಜಿ ನಾನು, ಊರಿನ ಮಕ್ಕಳ ಸಹಿ ಅವಳು, ಸೋಮವಾರದೊಳಗೆ. ಆ ಬಸ್ಸಿನ ಹಿಂದೆಯೇ ಬರುತ್ತಿದ್ದ ವೇಗದೂತಕ್ಕೆ ಅಲ್ಲೊಂದು ಕೋರಿಕೆ ನಿಲುಗಡೆ ಸಿಕ್ಕಿತು. ಈಗ ಈ ಸೀಮೆಯ ಬಸ್ ವೇಳಾಪಟ್ಟಿ ನನಗೆ ಬಾಯಿಪಾಠ. ಬೆಳಗಿನ ಹಾಲ್ಟಿಂಗ್ ಬಸ್ಸು ಯಾವ ಊರಿಂದ ಎಷ್ಟಕ್ಕೆ ಹೊರಡುತ್ತದೆ ಎಂದು ನೆಂಟರೂ ನನಗೇ ಫೋನ್ ಮಾಡುತ್ತಾರೆ.

ಇನ್ನು ನಮ್ಮ ಸಹೋದ್ಯೋಗಿಗಳು. ಕಾಲೇಜುಗಳ ಮೌಲ್ಯಮಾಪನ ಮಾಡುವ ನ್ಯಾಕ್‌ನವರು ಒಬ್ಬ ಮೆಂಟರಿಗೆ ಎಷ್ಟು ವಿದ್ಯಾರ್ಥಿಗಳು ಎಂಬ ಅನುಪಾತ ಕೇಳುತ್ತಾರೆ. ಮಕ್ಕಳ ಸಂಖ್ಯೆಯನ್ನು ಮೇಷ್ಟ್ರ ಸಂಖ್ಯೆಯಿಂದ ಭಾಗಿಸಿದರೆ ಅನುಪಾತ ಬಂತು, ಕೆಲಸ ಮುಗಿಯಿತು. ಅವರ ತಂಡ ಬರುವ ಹಿಂದಿನ ವಾರ ಸ್ಟಾಫ್ ರೂಮಿನಲ್ಲಿ ಮೂರು ವರ್ಷದ ಸಲಹೆಯನ್ನು ಒಂದೇ ಪೆನ್ನಿನಲ್ಲಿ ಬರೆಯುತ್ತಾರೆ, ಕಾಫಿ ಕುಡಿಯುತ್ತಾ. ಕಾಲೇಜು ಬಿಟ್ಟುಹೋದ ಹುಡುಗನಿಗೂ ಸಲಹೆ ಕೊಟ್ಟಾಗಿರುತ್ತದೆ! ಮೊದಮೊದಲು ನಗುತ್ತಿದ್ದೆ. ಈಗ ನಗು ಬರುವುದಿಲ್ಲ. ಯಾಕೆ ಬಿಟ್ಟ ಎಂದು ಒಬ್ಬರಾದರೂ ಫೋನ್ ಮಾಡಿದ್ದರೆ? “ಅವನಿಗೆ ಸೀರಿಯಸ್‌ನೆಸ್ ಇಲ್ಲ ಬಿಡಿ ಮೇಷ್ಟ್ರೇ” ಎನ್ನುವವರ ಮೇಲೆ ನನಗೆ ನಿಜವಾಗಿ ಸಿಟ್ಟಿದೆ. ಸೀರಿಯಸ್‌ನೆಸ್ ಇಲ್ಲದವನು ಕಂಪ್ಯೂಟರ್ ಸೆಂಟರಿನ ಮುಂದೆ ಎಸ್‌ಎಸ್‌ಪಿ ವಿದ್ಯಾರ್ಥಿವೇತನದ ಅರ್ಜಿಗಾಗಿ ಮಧ್ಯಾಹ್ನವೆಲ್ಲ ನಿಲ್ಲುತ್ತಾನೆಯೇ?

ಆ ವಿದ್ಯಾರ್ಥಿವೇತನದ ದಾರಿಯಂತೂ ಚಕ್ರವ್ಯೂಹ. ಅಂಕಪಟ್ಟಿಯಲ್ಲಿ ಇನಿಷಿಯಲ್ ಹಿಂದೆ, ಆಧಾರ್‌ನಲ್ಲಿ ಮುಂದೆ. ಜಾತಿ ಪ್ರಮಾಣಪತ್ರದ ಆರ್‌ಡಿ ನಂಬರ್ ಇದೆ, ಆದಾಯದ್ದು ಅವಧಿ ಮುಗಿದಿದೆ. ಎಲ್ಲ ಸರಿಹೋಗಿ ಮಂಜೂರಾದರೂ ದುಡ್ಡು ಹೋಗುವುದು ಆಧಾರ್ ಕೊನೆಯದಾಗಿ ಸೀಡಿಂಗ್, ಅಂದರೆ ಜೋಡಣೆ, ಆದ ಖಾತೆಗೆ, ಹುಡುಗನ ಕೈಯಲ್ಲಿರುವ ಪಾಸ್‌ಬುಕ್ಕಿಗಲ್ಲ. ಎಂದೋ ತೆರೆದು ಮರೆತ ಖಾತೆಯಲ್ಲಿ ದುಡ್ಡು ಕೂತಿರುತ್ತದೆ, ಹುಡುಗ ಫೀಸ್ ಕಟ್ಟಲಾಗದೆ ಕ್ಲಾಸಿಗೆ ಬರುವುದು ಬಿಟ್ಟಿರುತ್ತಾನೆ. ಅವನಿಗೆ ಶಿಸ್ತಿನ ಮೇಲೆ ಭಾಷಣ!

ಓದುಗರಲ್ಲಿ ಮೇಷ್ಟ್ರು, ಮೇಡಂಗಳಿದ್ದರೆ ಒಂದು ವಿನಂತಿ. ನಿಮ್ಮ ಪಾಲಿನ ಮಕ್ಕಳನ್ನು ವರ್ಷದ ಆರಂಭದಲ್ಲೇ ಬ್ಯಾಂಕಿಗೆ ಕಳಿಸಿ, ಆಧಾರ್ ಯಾವ ಖಾತೆಗೆ ಸೀಡಿಂಗ್ ಆಗಿದೆ ಎಂದು ಕೇಳಿಸಿ. ಹೋಗಿ ಬಂದರೋ ಇಲ್ಲವೋ ಎಂದು ಮುಂದಿನ ವಾರ ನೀವೇ ಕೇಳಿ.